ಮೇಲಿನದಕ್ಕೆ ಬೆಂಗಳೂರು, ಕೆಳಗಿನದಕ್ಕೆ ಊಟಿನಾ?

ಪ್ರಶ್ನೆ: ಮಲ್ಪೆಯಿಂದ ಹಳೆಯ 25 ಎಚ್‌ಪಿ ದೋಣಿ ಮೋಟರ್ ತಂದಿದ್ದೇನೆ. ಟೂ ಸ್ಟ್ರೋಕ್, ಎರಡು ಸಿಲಿಂಡರ್. ಅಲ್ಲಿ ಎರಡರಲ್ಲೂ ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಒತ್ತಿದಾಗ ಬರುವ ಒತ್ತಡ, 120 ಪಿಎಸ್‌ಐ ಇತ್ತು. ಇಲ್ಲಿ ಮೇಲಿನದು 108, ಕೆಳಗಿನದು 80. ಬೆಂಗಳೂರು ಎತ್ತರದಲ್ಲಿದೆ, ಹಾಗೇ ಆಗುತ್ತೆ ಎನ್ನುತ್ತಾರೆ ಮೆಕ್ಯಾನಿಕ್. ಕಂಪ್ರೆಷನ್ ಏರಿಸುವ ಡಬ್ಬಿ ಸಿಗುತ್ತದಂತೆ, ಹಾಕಲಾ?
– ಯಲಹಂಕದ ಓದುಗರು

ಉತ್ತರ: ಈ ಎತ್ತರದ ಕಥೆ ಕೇಳಿ ಕೇಳಿ ಸಾಕಾಗಿದೆ. ಅದರಲ್ಲಿ ಅರ್ಧ ನಿಜ, ಅದೇ ತೊಂದರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಗಾಳಿಯ ಒತ್ತಡ ಕರಾವಳಿಗಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ. ಹಾಗಾಗಿ ಮಲ್ಪೆಯ 120 ಇಲ್ಲಿ 108 ಆಗುವುದು ಸರಿಯೇ. ಆದರೆ ಎರಡೂ ಸಿಲಿಂಡರ್ ಇರುವುದು ಒಂದೇ ಊರಲ್ಲಿ ಅಲ್ವಾ? ಕೆಳಗಿನದನ್ನು ಮಾತ್ರ ಊಟಿಗೆ ಕಳಿಸಿದ್ದೀರಾ?

ಮೊದಲು ಇನ್ನೊಮ್ಮೆ ಅಳೆಯಿರಿ. ಮೋಟರ್ ಬಿಸಿ ಇರಲಿ, ಎರಡೂ ಪ್ಲಗ್ ಹೊರಗಿರಲಿ, ಪ್ಲಗ್ ವೈರ್‌ಗಳು ಅರ್ತ್ ಆಗಿರಲಿ. ಥ್ರಾಟಲ್ ಪೂರ್ತಿ ತೆರೆದಿರಬೇಕು. ಜನ ಎಡವುವುದು ಇಲ್ಲೇ. ಬಹಳ ಮೋಟರ್‌ಗಳಲ್ಲಿ ನ್ಯೂಟ್ರಲ್‌ನಲ್ಲಿ ಹ್ಯಾಂಡಲ್ ಪೂರ್ತಿ ತಿರುಗುವುದಿಲ್ಲ, ಕಾರ್ಬೊರೇಟರ್ ಹತ್ತಿರ ಕೈಯಲ್ಲೇ ತೆರೆದು ಹಿಡಿಯಬೇಕು. ಗೇಜಿನ ಮುಳ್ಳು ಏರುವುದು ನಿಲ್ಲುವ ತನಕ ಹಗ್ಗ ಎಳೆಯಿರಿ. ಎರಡಕ್ಕೂ ಅದೇ ಗೇಜ್, ಅಷ್ಟೇ ಸಲ.

ಎರಡು ಸಿಲಿಂಡರ್ ನಡುವೆ ನೂರಕ್ಕೆ ಹತ್ತರಷ್ಟು ವ್ಯತ್ಯಾಸ ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ನಿಮ್ಮದು 25 ದಾಟಿದೆ. ಮತ್ತೆ ಅದೇ ನಂಬರ್ ಬಂದರೆ ಮೋಟರನ್ನು ನೀರಿಗೆ ಇಳಿಸಬೇಡಿ.

ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಅಳೆದರೆ ಗೊತ್ತಾಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ನಂಬರ್ ಏರಿದರೆ ಪಿಸ್ಟನ್ ಸುತ್ತ ಇರುವ ರಿಂಗ್ ಮೇಲೆ ಅನುಮಾನ ಪಡಬಹುದು, ಅಷ್ಟೇ. ಆಯಿಲ್ ಒಳಗೆ ಜಾಗ ತುಂಬಿಕೊಂಡರೂ ನಂಬರ್ ಏರುತ್ತದೆ. ನಾನು ನಂಬುವುದು ಕಣ್ಣನ್ನು. ಎಕ್ಸಾಸ್ಟ್ ಕವರ್ ಬಿಚ್ಚಿ, ಫ್ಲೈವೀಲ್ ನಿಧಾನಕ್ಕೆ ತಿರುಗಿಸಿ, ಪೋರ್ಟ್ (ಹೊಗೆ ಹೊರಹೋಗುವ ಕಿಂಡಿ) ಮೂಲಕ ಟಾರ್ಚ್ ಬಿಡಿ. ಮೊಂಡು ಮರದ ಕಡ್ಡಿಯಿಂದ ರಿಂಗನ್ನು ಮೆಲ್ಲಗೆ ಒತ್ತಿ. ಸ್ಪ್ರಿಂಗ್ ತರಹ ಒಳಗೆ ಹೋಗಿ ವಾಪಸ್ ಬಂದರೆ ಸರಿ. ಅಲ್ಲಾಡದಿದ್ದರೆ ಕಾರ್ಬನ್ ಕಟ್ಟಿ ಅಂಟಿಕೊಂಡಿದೆ. ಪಿಸ್ಟನ್ ಮೇಲೆ ಉದ್ದುದ್ದ ಗೀರು ಕಂಡರೆ ಬಿಚ್ಚದೆ ಗತಿಯಿಲ್ಲ. ರಿಂಗ್, ಪಿಸ್ಟನ್ ಎರಡೂ ಚೆನ್ನಾಗಿದ್ದು, ಕೆಳಗಿನ ಪ್ಲಗ್ ಮಾತ್ರ ತೊಳೆದಿಟ್ಟ ಹಾಗೆ ಹೊಳೆಯುತ್ತಿದೆಯಾ? ಹಾಗಾದರೆ ನೀರು ಒಳಗೆ ಬರುತ್ತಿದೆ. ಸಿಲಿಂಡರ್ ಮುಚ್ಚಳದ ಕೆಳಗಿನ ಹೆಡ್ ಗ್ಯಾಸ್ಕೆಟ್ ನೋಡಿ.

ಅಂಟಿದ ರಿಂಗನ್ನು ಕಾರ್ಬನ್ ಕರಗಿಸುವ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿದರೆ ಕೆಲವೊಮ್ಮೆ ಬಿಡುತ್ತದೆ. ನಿಮ್ಮ ಡಬ್ಬಿಯಿಂದ ಗೀರು ಬಿದ್ದ ಪಿಸ್ಟನ್ ಮತ್ತೆ ಹೊಸದಾಗುವುದಿಲ್ಲ. ಆ ದುಡ್ಡಲ್ಲಿ ಮಸಾಲೆ ದೋಸೆ ತಿನ್ನಿ.

ಗೀರು ಯಾಕೆ ಬಿತ್ತು ಅಂತ ಯಾರೂ ಕೇಳುವುದಿಲ್ಲ. ಒಮ್ಮೆ ಮೂರು ಸಿಲಿಂಡರ್, ಮೂರು ಕಾರ್ಬೊರೇಟರ್ ಇದ್ದ ಮೋಟರಿಗೆ ನಾನೂ ಸುಮ್ನೆ ಪಿಸ್ಟನ್, ರಿಂಗ್ ಬದಲಾಯಿಸಿ ಕೊಟ್ಟೆ. ತಿಂಗಳೊಳಗೆ ಅದೇ ಸಿಲಿಂಡರ್‌ನಲ್ಲಿ ಪಿಸ್ಟನ್ ಜಾಮ್ ಆಗಿ ಮೋಟರ್ ವಾಪಸ್ ಬಂತು. ಆ ಸಿಲಿಂಡರಿನ ಕಾರ್ಬೊರೇಟರ್ ಜೆಟ್‌ನಲ್ಲಿ, ಅಂದರೆ ಪೆಟ್ರೋಲ್ ಬರುವ ಸಣ್ಣ ತೂತಿನಲ್ಲಿ, ಕಸ ಕೂತಿತ್ತು. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಕಮ್ಮಿಯಾದರೆ ಅದರ ಜೊತೆಗೆ ಬರುವ ಆಯಿಲೂ ಕಮ್ಮಿ. ಎರಡನೇ ಪಿಸ್ಟನ್ ನನ್ನ ಖರ್ಚಲ್ಲೇ ಹಾಕಿದೆ. ಅದಕ್ಕೇ ಈಗ ಜೆಟ್, ಇಂಪೆಲ್ಲರ್ (ಮೋಟರ್ ತಂಪಾಗಿಡಲು ನೀರು ಎಳೆಯುವ ಪಂಪಿನ ರಬ್ಬರ್ ಚಕ್ರ), ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಶಾಫ್ಟ್ ತುದಿಯಲ್ಲಿ ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಮೂರನ್ನೂ ನೋಡದೆ ಹೊಸ ಪಿಸ್ಟನ್ ಕೈಗೆತ್ತಿಕೊಳ್ಳುವುದಿಲ್ಲ. ಸೀಲ್ ಸೋರಿಕೆ ಕಂಪ್ರೆಷನ್ ಗೇಜಿನಲ್ಲಿ ಕಾಣುವುದೂ ಇಲ್ಲ.

ಪ್ರಶ್ನೆ: ಗೇಜ್ ಬದಲು ಹೆಬ್ಬೆರಳು ಇಟ್ಟು ನೋಡಿದರೆ ಸಾಲದಾ?

ಉತ್ತರ: ಸಾಲದು.

ಪ್ರಶ್ನೆ: ಬೈಕಿನ 2ಟಿ ಆಯಿಲ್ ಹಾಕಬಹುದಾ?

ಉತ್ತರ: ಬೇಡ. ದೋಣಿ ಮೋಟರಿಗೆ ಡಬ್ಬಿ ಮೇಲೆ ಟಿಸಿ-ಡಬ್ಲ್ಯು3 ಅಂತ ಬರೆದಿರುವ, ಬೂದಿ ಬಿಡದ ಆಯಿಲ್ಲೇ ಬೇಕು. ರಿಂಗ್ ಅಂಟಿಸಿಕೊಂಡು ಬರುವವರಲ್ಲಿ ಜಾಸ್ತಿ ಜನ ನಿಮ್ಮಂಥವರೇ.

ಪ್ರಶ್ನೆ: ಜೆ.ಸಿ. ರಸ್ತೆಯಲ್ಲಿ ಬೈಕ್ ಪಿಸ್ಟನ್ ಹುಡುಕಿ, ಲೇತ್‌ನಲ್ಲಿ ಹೊಂದಿಸಿದರೆ?

ಉತ್ತರ: ಜಲಾಶಯದ ನಡುವೆ ಮೋಟರ್ ನಿಂತರೆ ತಳ್ಳಿಕೊಂಡು ಬರೋಕೆ ಅದು ಬೈಕ್ ಅಲ್ಲ. ಹುಟ್ಟು ಜೊತೆಗಿಟ್ಟುಕೊಳ್ಳಿ.

ಪ್ರಶ್ನೆ: ಅಪಾರ್ಟ್‌ಮೆಂಟಲ್ಲಿ ನೀರಿನ ತೊಂದರೆ. ನೀರಿಲ್ಲದೆ ಎರಡೇ ನಿಮಿಷ ಓಡಿಸಿ ನೋಡಲಾ?

ಉತ್ತರ: ಅರ್ಧ ನಿಮಿಷವೂ ಬೇಡ. ಇಂಪೆಲ್ಲರ್ ರಬ್ಬರ್ ಸುಟ್ಟುಹೋಗುತ್ತದೆ. ಒಂದು ಡ್ರಮ್ ನೀರು ಹೊಂದಿಸಿಕೊಂಡು ಶುರು ಮಾಡಿ.