ಅವ್ವನಿಗೆ ಹೇಳಬೇಕೋ ಬೇಡವೋ?

ಪ್ರಶ್ನೆ: ನಮ್ಮ ಅವ್ವನಿಗೆ 68 ವರ್ಷ. ಹೊಟ್ಟೆಯ ಕ್ಯಾನ್ಸರ್ ಲಿವರ್‌ಗೂ ಹರಡಿದೆ, ಆಪರೇಷನ್ ಸಾಧ್ಯವಿಲ್ಲ ಎಂದು ಡಾಕ್ಟರು ನನ್ನನ್ನು ವಾರ್ಡಿನ ಹೊರಗೆ ಕರೆದು ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿ ಹೋದರು. ಅವ್ವನಿಗೆ ನಾವು ಅಲ್ಸರ್ ಎಂದಿದ್ದೇವೆ. ರಾತ್ರಿಯಿಡೀ ನರಳುತ್ತಾಳೆ. ನೋವಿಗೆ ಮಾರ್ಫಿನ್ ಮಾತ್ರೆ ಬರೆದುಕೊಟ್ಟಿದ್ದಾರೆ, ಆದರೆ ಚಟ ಹತ್ತುತ್ತದೆ ಎಂದು ಅಣ್ಣ ಕೊಡಲು ಬಿಡುತ್ತಿಲ್ಲ. ಮೊನ್ನೆ ಅವ್ವ, ‘ನನಗ ಏನಾಗೇತಿ, ಖರೆ ಹೇಳು’ ಎಂದಳು. ನಾನು ಎದ್ದು ಹೊರಗೆ ಬಂದುಬಿಟ್ಟೆ.
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಮೊದಲು ಆ ಮಾತ್ರೆ ಕೊಡಿ. ಉಳಿದದ್ದನ್ನು ಆಮೇಲೆ ಮಾತಾಡೋಣ. ನರಳುವವರ ಹತ್ತಿರ ಯಾವ ಮಾತೂ ಆಡಲಾಗುವುದಿಲ್ಲ.

ಡಾಕ್ಟರು ಬರೆದಷ್ಟೇ ಪ್ರಮಾಣ, ಬರೆದ ಹೊತ್ತಿಗೇ ಕೊಡಿ. ಸಾಮಾನ್ಯ ಮಾರ್ಫಿನ್ ಮಾತ್ರೆಯ ಕೆಲಸ ಸುಮಾರು ನಾಲ್ಕು ಗಂಟೆ, ಆದ್ದರಿಂದ ನೋವು ಜೋರಾಗಲಿ ಎಂದು ಕಾಯಬಾರದು. ಮಲಬದ್ಧತೆ ಆಗಿಯೇ ಆಗುತ್ತದೆ. ಅದಕ್ಕೆ ಔಷಧಿ ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಮೊದಲ ಕೆಲವು ದಿನ ಮಂಪರು, ವಾಕರಿಕೆ ಇರಬಹುದು. ಎಬ್ಬಿಸಿದರೂ ಏಳದಷ್ಟು ಮಂಪರಾದರೆ ತಕ್ಷಣ ಡಾಕ್ಟರಿಗೆ ತಿಳಿಸಿ. ಕ್ಯಾನ್ಸರ್ ನೋವಿಗೆ ವೈದ್ಯರ ನಿಗಾದಲ್ಲಿ ತೆಗೆದುಕೊಂಡವರಿಗೆ ಚಟ ಹತ್ತುವುದು ಅಪರೂಪ.

ನಿಮ್ಮ ಅಣ್ಣನ ಭಯ ಅವರೊಬ್ಬರದಲ್ಲ. ಮಾರ್ಫಿನ್ ಅಫೀಮಿನಿಂದ ಬರುವ ಔಷಧಿ. 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಲೈಸೆನ್ಸುಗಳ ತಾಪತ್ರಯಕ್ಕೆ ಬೇಸತ್ತು ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿ ಅದನ್ನು ಸರಳಗೊಳಿಸಿತು. ಅಲ್ಲಿಯವರೆಗೆ ತಾಲ್ಲೂಕು ಆಸ್ಪತ್ರೆಯಲ್ಲಿದ್ದ ನನ್ನಂಥ ಡಾಕ್ಟರುಗಳು ಮಾಮೂಲಿ ನೋವಿನ ಗುಳಿಗೆ ಕೊಟ್ಟು ಎಷ್ಟು ಜನರನ್ನು ಮನೆಗೆ ಕಳಿಸಿದೆವೋ! ನೆನೆದರೆ ಇವತ್ತಿಗೂ ಹೊಟ್ಟೆ ಕಿವುಚುತ್ತದೆ.

ಇನ್ನು ಅವ್ವನ ಪ್ರಶ್ನೆ. ನಿಮ್ಮ ಡಾಕ್ಟರು ಮಾಡಿದ್ದನ್ನೇ ನಾನೂ ಮಾಡಿದ್ದೇನೆ. ಅಡಿಕೆ ತೋಟದ ಹಿರಿಯರೊಬ್ಬರ ಮಗನನ್ನು ಹೊರಗೆ ಕರೆದು ವಿಷಯ ಹೇಳಿದ್ದೆ. ಒಳಗೆ ಬಂದಾಗ ಅವರು, ‘ಮಗ ಅತ್ತಿದಾನೆ, ಏನು ಹೇಳಿದ್ರಿ?’ ಎಂದು ಕೇಳಿದರು. ನಾನು ಡ್ರಿಪ್ ಸರಿಮಾಡಿ ಮುಂದಿನ ಮಂಚಕ್ಕೆ ಹೋದೆ. ಅವರು ತೀರಿಕೊಂಡ ಮೇಲೆ ಗೊತ್ತಾಯಿತು, ಪಕ್ಕದ ತೋಟದವರಿಂದ ಪತ್ರವಿಲ್ಲದೆ ಕೈಸಾಲ ತಂದಿದ್ದರಂತೆ. ಎಷ್ಟು, ಯಾವಾಗಿನದು ಎಂದು ಮಗನಿಗೆ ಗೊತ್ತಿರಲಿಲ್ಲ. ಕೊನೆಗೆ ಎರಡು ಮನೆಗಳ ಮಾತೇ ನಿಂತುಹೋಯಿತು. ಹೊತ್ತು ಹತ್ತಿರ ಬಂದಿದೆ ಎಂದು ತಿಳಿದಿದ್ದರೆ ಆ ಮನುಷ್ಯ ಲೆಕ್ಕ ಚುಕ್ತಾ ಮಾಡಿಯೇ ಹೋಗುತ್ತಿದ್ದರು. ಆ ಅವಕಾಶ ಕಸಿದವಳು ನಾನು.

ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಅಂದರೆ ಕೊನೆಗಾಲದ ರೋಗಿಗಳ ಆರೈಕೆಯ ಮನೆ, ತೆರೆದ ಸಿಸಿಲಿ ಸಾಂಡರ್ಸ್ ನರ್ಸಾಗಿದ್ದು ಆಮೇಲೆ ಡಾಕ್ಟರಾದವರು. ಮೈಯ ನೋವು, ಮನಸ್ಸಿನದು, ಮನೆಯ ಚಿಂತೆ ಎಲ್ಲ ಸೇರಿ ಒಂದೇ ನೋವು ಎಂದು ಅವರು ಕಲಿಸಿದರು. ನಮ್ಮ ‘ಸಂಕಟ’ ಎಂಬ ಮಾತಿನಲ್ಲಿ ಇದೆಲ್ಲ ಮೊದಲೇ ಇದೆ, ನೋಡಿ.

ಅವ್ವನ ಪಕ್ಕದಲ್ಲಿ ಕೂತುಕೊಳ್ಳಿ, ನಿಂತು ಮಾತಾಡಬೇಡಿ. ‘ಅವ್ವಾ, ನಿನಗ ಏನಂತ ಅನಸ್ತೈತಿ?’ ಎಂದು ಕೇಳಿ ಸುಮ್ಮನಿರಿ. ‘ದೊಡ್ಡ ರೋಗ ಐತೇನು?’ ಎಂದರೆ ಹೌದೆನ್ನಿ. ‘ಹೋಗಲಿ ಬಿಡು’ ಎಂದು ಆಕೆಯೇ ಮಾತು ತಿರುಗಿಸಿದರೆ ಅಲ್ಲಿಗೇ ನಿಲ್ಲಿಸಿ. ತಿಳಿಯದೆ ಇರುವ ಹಕ್ಕೂ ಆಕೆಯದೇ. ಆದರೆ ಅಲ್ಸರ್ ಎಂಬ ಸುಳ್ಳನ್ನು ಇನ್ನೊಮ್ಮೆ ಹೇಳಬೇಡಿ. ಅಳು ಬಂದರೆ ಇಬ್ಬರೂ ಅತ್ತುಬಿಡಿ.

ಡಾಕ್ಟರ ಹತ್ತಿರ ಹತ್ತು ನಿಮಿಷ ಕೇಳಿಕೊಳ್ಳಿ. ಕನ್ನಡದಲ್ಲಿ, ಅವ್ವನಿಗೆ ಬೇಕೆಂದರೆ ಅವಳ ಮುಂದೆಯೇ ಹೇಳಲಿ. 2019ರಿಂದ ಎಂಬಿಬಿಎಸ್ ಪಠ್ಯದಲ್ಲೇ ರೋಗಿಯೊಂದಿಗೆ ಮಾತಾಡುವುದನ್ನು ಕಲಿಸುತ್ತಿದ್ದಾರೆ, ನಮಗೆ ಯಾರೂ ಕಲಿಸಿರಲಿಲ್ಲ. ಮನೆಯಲ್ಲಿ ನಿಭಾಯಿಸಲು ಆಗದಿದ್ದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಉಪಶಾಮಕ ಚಿಕಿತ್ಸೆಯ, ಅಂದರೆ ನೋವು ಸಂಕಟ ಕಡಿಮೆ ಮಾಡುವ ಆರೈಕೆಯ, ವಿಭಾಗವಿದೆ. ಅದೇ ಊರಿನ ಕರುಣಾಶ್ರಯ ಎಂಬ ಹಾಸ್ಪಿಸ್‌ನಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಾರೆ.

ಅಣ್ಣನ ಜತೆ ಜಗಳ ಬೇಡ. ಅವರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ರಾತ್ರಿಯ ಮಾತ್ರೆಯನ್ನು ಅವರ ಕೈಯಿಂದಲೇ ಕೊಡಿಸಿ. ಅವ್ವ ಕಣ್ಣು ಮುಚ್ಚಿ ಮಲಗಿದ್ದನ್ನು ಅವರೇ ಪಕ್ಕದಲ್ಲಿ ಕೂತು ನೋಡಲಿ.