ನಿವೃತ್ತಿಯ ನಂತರ ರಾಯಭಾರಿ ಆಗಬೇಕು ಅಂತಿರುವ ಕರ್ನಲ್ ಸಾಹೇಬರಿಗೆ

ಕೊಡಗಿನವರು, ಕರ್ನಲ್, ನಿವೃತ್ತಿ ಹತ್ತಿರ ಬಂದಿದೆ. ಕಾರ್ಯಪ್ಪ, ತಿಮ್ಮಯ್ಯನವರ ಹಾಗೆ ಮುಂದೆ ರಾಜತಾಂತ್ರಿಕ ಕೆಲಸಕ್ಕೆ ಹೋಗುವ ಆಸೆ. ಅದಕ್ಕೆ ದೆಹಲಿಯಲ್ಲೇ ಉಳಿಯಬೇಕಾ, ಊರಿಗೆ ಬಂದು ತೋಟ ನೋಡಿಕೊಂಡು ಜನಸೇವೆ ಮಾಡಬೇಕಾ ಅಂತ ಕೇಳಿದ್ದೀರಿ. ನಿಮ್ಮ ಪತ್ರದ ಕೆಳಗಿನ ಹೆಸರು ಬದಲಾಯಿಸಿದರೆ ಇದು ನನ್ನದೇ ಪ್ರಶ್ನೆ.

ನಾನೂ ಕರ್ನಲ್ ಆಗಿಯೇ ಹೊರಬಂದವನು. ಊರು ಕೊಡಗಿನ ಅಮ್ಮತ್ತಿ ಕಡೆ. 54ಕ್ಕೆ ನಿವೃತ್ತಿಯಾದ ಮೇಲೆ ದೆಹಲಿಯಲ್ಲಿ ಬಾಡಿಗೆ ಮನೆ ಹಿಡಿದು ಕೂತೆ. ಯಾರಾದರೂ ಕರೆಯುತ್ತಾರೆ ಅಂತ. ಸಣ್ಣವನಿದ್ದಾಗಿಂದ ಕೇಳಿದ್ದೆಲ್ಲ ಕರೆ ಬಂದವರ ಕಥೆಗಳೇ ತಾನೆ? ಕಾರ್ಯಪ್ಪನವರು 1953ರ ಜನವರಿಯಲ್ಲಿ ನಿವೃತ್ತರಾದರು, ಅದೇ ವರ್ಷ ಸರ್ಕಾರ ಅವರನ್ನು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿಗೆ ಹೈಕಮಿಷನರ್ ಮಾಡಿ ಕಳಿಸಿತು. ತಿಮ್ಮಯ್ಯನವರು 1961ರಲ್ಲಿ ನಿವೃತ್ತರಾದರು, 1964ರಲ್ಲಿ ಸೈಪ್ರಸ್ ಶಾಂತಿಪಡೆ ನಡೆಸಲು ವಿಶ್ವಸಂಸ್ಥೆ ಕರೆಯಿತು. ಇಬ್ಬರೂ ಒಂದೇ ಕೊಡಂದೇರ ಒಕ್ಕದವರು, ಅಂದರೆ ಒಂದೇ ಮನೆತನದವರು ಬೇರೆ. ಮಡಿಕೇರಿಯಲ್ಲಿ ಒಬ್ಬರ ಹೆಸರಿನ ಕಾಲೇಜು, ಇನ್ನೊಬ್ಬರ ಹೆಸರಿನ ವೃತ್ತ. ಇವೆರಡರ ನಡುವೆ ಬೆಳೆದ ಹುಡುಗನಿಗೆ ಕೊಡಗಿನ ಅಧಿಕಾರಿ ಅಂದರೆ ದೇಶ ತಾನಾಗಿಯೇ ಮನೆಬಾಗಿಲಿಗೆ ಬರುತ್ತದೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ನನ್ನ ಬಾಗಿಲಿಗೆ ಪೇಪರ್ ಹುಡುಗ ಬಂದ, ಅಷ್ಟೇ.

ಆಮೇಲೆ ಅರ್ಜಿ ಹಾಕಲು ಶುರು ಮಾಡಿದೆ. ವಿಶ್ವಸಂಸ್ಥೆಯ ಶಾಂತಿಪಾಲನಾ ಕೆಲಸಗಳಲ್ಲಿ ಸಿವಿಲಿಯನ್ ಹುದ್ದೆಗಳಿವೆ, ನಿಮಗೆ ಗೊತ್ತಿರಬಹುದು. ಸ್ಥಳೀಯ ಜನರ ಜೊತೆ ವ್ಯವಹರಿಸುವ ಸಿವಿಲ್ ಅಫೇರ್ಸ್, ಹೋರಾಟಗಾರರ ಕೈಯಿಂದ ಬಂದೂಕು ಇಳಿಸಿ ಊರಿಗೆ ಕಳಿಸುವ ಡಿ.ಡಿ.ಆರ್., ಭದ್ರತೆ, ಹೀಗೆ. ಅಲ್ಲಿ ನಿವೃತ್ತಿ ವಯಸ್ಸು 65. ಅಂದರೆ ನಮ್ಮಂಥವರಿಗೆ ಒಂದು ದಶಕ ಸಿಗುತ್ತದೆ. ಆ ದಶಕವನ್ನು ನಾನು ಕಳೆದುಕೊಂಡದ್ದು ಆ ಅರ್ಜಿ ಫಾರಂನಲ್ಲಿ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪ್ರಶ್ನೆಯಲ್ಲೂ ಅದೇ ತಪ್ಪು ಕಾಣುತ್ತಿದೆ. ಬೆಟಾಲಿಯನ್ ಕಮಾಂಡ್ ಮಾಡಿದ್ದೇನೆ, ಸೇನಾ ಪದಕ ಇದೆ, ಇಂತಿಂಥ ಕೋರ್ಸ್ ಆಗಿದೆ ಅಂತ ಶುರುವಿನಲ್ಲೇ ಬರೆದಿದ್ದೀರಿ. ನಾನೂ ಹಾಗೇ ಬರೆದೆ.

ಸೇವೆಯಲ್ಲಿದ್ದಾಗ ನಾನು ದಕ್ಷಿಣ ಸುಡಾನಿನ ಜೊಂಗ್ಲೈ ಪ್ರಾಂತ್ಯದಲ್ಲಿ ಶಾಂತಿಪಡೆಯ ನಮ್ಮ ಬೆಟಾಲಿಯನ್ನಿನಲ್ಲಿ ಸೆಕೆಂಡ್ ಇನ್ ಕಮಾಂಡ್, ಅಂದರೆ ಕಮಾಂಡರ್ ನಂತರದವನು ಆಗಿದ್ದೆ. ಅಲ್ಲಿ ಜಗಳ ಅಂದರೆ ದನದ ಜಗಳ. ಒಂದು ಪಂಗಡದವರು ಇನ್ನೊಂದು ಪಂಗಡದ ದನ ಹೊಡೆದುಕೊಂಡು ಹೋಗುತ್ತಾರೆ, ಇವರು ಸೇಡಿಗೆ ಹೋಗುತ್ತಾರೆ, ಹೆಣ ಬೀಳುತ್ತದೆ. ಒಂದು ಬೋರ್‌ವೆಲ್ ಹತ್ತಿರ ಎರಡೂ ಕಡೆಯ ಹಿರಿಯರನ್ನು ಒಂದೇ ಮರದ ಕೆಳಗೆ ಕೂರಿಸಿದೆ. ಒಂದೇ ದಿನಕ್ಕೆ ಆಗಲಿಲ್ಲ. ಮೊದಮೊದಲು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಕೊನೆಗೆ ದನ ಯಾರದು ಅನ್ನೋ ಮಾತನ್ನೇ ಬದಿಗಿಟ್ಟೆವು. ನೀರಿಗೆ ಬರುವ ಹೆಂಗಸರನ್ನು ಯಾರೂ ಮುಟ್ಟುವುದಿಲ್ಲ ಅನ್ನೋ ಒಂದೇ ಮಾತಿಗೆ ಒಪ್ಪಿಸಿದೆವು. ನಾನಿದ್ದಷ್ಟು ಕಾಲ ಅದು ನಡೆಯಿತು.

ಅರ್ಜಿಯಲ್ಲಿ ಇದರ ಬಗ್ಗೆ ಒಂದಕ್ಷರ ಇರಲಿಲ್ಲ. ‘ಸೆಕೆಂಡ್ ಇನ್ ಕಮಾಂಡ್, ಕಾರ್ಯಾಚರಣೆ ಮತ್ತು ಆಡಳಿತದ ಹೊಣೆ’ ಅಂತ ಬರೆದಿದ್ದೆ. ಮರದ ಕೆಳಗೆ ಕೂತು ಮಾತಾಡಿದ್ದು ನನ್ನ ಲೆಕ್ಕದಲ್ಲಿ ಕೆಲಸವೇ ಆಗಿರಲಿಲ್ಲ. ಎಷ್ಟು ಜನ ನನ್ನ ಕೈಕೆಳಗಿದ್ದರು, ಎಷ್ಟು ಗಾಡಿಗಳಿದ್ದವು, ಅದು ಕೆಲಸ! ಅರ್ಜಿ ಓದುವವರಿಗೆ ಬೇಕಾದ್ದು ಬೇರೆ. ಯಾರ ಯಾರ ನಡುವೆ ಜಗಳ ಇತ್ತು, ನೀವು ಏನು ಮಾಡಿದಿರಿ, ಏನು ಬದಲಾಯಿತು. ಸಂದರ್ಶನವೂ ಹಾಗೇ. ಇಂಥ ಒಂದು ಸಂದರ್ಭ ಹೇಳಿ ಅಂತ ಕೇಳುತ್ತಾರೆ. ನಾನು ತತ್ವ ಹೇಳಿದೆ. ನಾಯಕತ್ವದ ಬಗ್ಗೆ ಭಾಷಣ ಮಾಡಿದೆ, ಸ್ಟಾಫ್ ಕಾಲೇಜಿನಲ್ಲಿ ನಿಂತ ಹಾಗೆ. ಅವರು ಸುಮ್ನೆ ತಲೆಯಾಡಿಸಿದರು.

ಘಾನಾದ ಒಬ್ಬರು ಮಹಿಳೆ ದಕ್ಷಿಣ ಸುಡಾನಿನಲ್ಲಿ ನಮ್ಮ ಜೊತೆ ಸಿವಿಲ್ ಅಫೇರ್ಸ್‌ನಲ್ಲಿದ್ದರು. ಬಹಳ ಕಾಲದ ಮೇಲೆ ನನ್ನ ಅರ್ಜಿ ಓದಿ ಫೋನ್ ಮಾಡಿದರು. ಆ ಮರ ಎಲ್ಲಿ ಹೋಯಿತು ಅಂತ ಕೇಳಿದರು. ಆಗ ಅರ್ಥವಾಯಿತು. ಅಷ್ಟರಲ್ಲಿ ಕೆಲಸ ಬಿಟ್ಟು ವರ್ಷಗಳಾಗಿದ್ದವು. ಇತ್ತೀಚಿನ ಅನುಭವ ಏನು ಅಂದರೆ ದೆಹಲಿಯಲ್ಲಿ ಟೀ ಕುಡಿದದ್ದು ಅನ್ನಬೇಕಿತ್ತು.

ಈಗ ನಿಮ್ಮ ಪ್ರಶ್ನೆಯ ಬುಡಕ್ಕೇ ಬರುತ್ತೇನೆ. ಕಾರ್ಯಪ್ಪ, ತಿಮ್ಮಯ್ಯನವರ ದಾರಿ ನಮಗೆ ದಾರಿಯೇ ಅಲ್ಲ. ಹಾಗೆ ಹೋದ ಸೇನೆಯವರ ಪಟ್ಟಿ ನೋಡಿ. ಥಾಪರ್ ಅಫ್ಘಾನಿಸ್ತಾನಕ್ಕೆ ಹೋದರು, ಚೌಧುರಿ ಕೆನಡಾಕ್ಕೆ, ಬೇವೂರ್ ಡೆನ್ಮಾರ್ಕಿಗೆ, ಮಲ್ಹೋತ್ರಾ ಇಂಡೋನೇಷ್ಯಾಕ್ಕೆ, ಮೊನ್ನೆ ಮೊನ್ನೆ 2019ರಲ್ಲಿ ಸುಹಾಗ್ ಸೀಶೆಲ್ಸ್‌ಗೆ. ಎಲ್ಲರೂ ಸೇನೆಯ ಮುಖ್ಯಸ್ಥರಾಗಿದ್ದವರು. ಸರ್ಕಾರ ತನ್ನ ಇಷ್ಟದಿಂದ ಕೊಟ್ಟ ಹುದ್ದೆಗಳು ಅವು. ಅದಕ್ಕೆ ಅರ್ಜಿ ಇಲ್ಲ, ಕ್ಯೂ ಇಲ್ಲ. ನಿಜವಾದ ರಾಜತಾಂತ್ರಿಕರು ಬೇಕಾ? ವಿರಾಜಪೇಟೆಯ ಸಿ.ಬಿ. ಮುತ್ತಮ್ಮನವರನ್ನು ನೋಡಿ. ಹರೆಯದಲ್ಲೇ ಪರೀಕ್ಷೆ ಬರೆದು 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಹೆಂಗಸು. ಬಡ್ತಿ ವಿಷಯದಲ್ಲಿ ಸರ್ಕಾರದ ಮೇಲೆಯೇ ಕೇಸ್ ಹಾಕಿ, 1979ರಲ್ಲಿ ಸುಪ್ರೀಂ ಕೋರ್ಟಿನಿಂದ ಸೇವಾ ನಿಯಮಗಳ ತಾರತಮ್ಯದ ಬಗ್ಗೆ ಛೀಮಾರಿ ಹಾಕಿಸಿದವರು. ಅದು ಇಡೀ ಜೀವನದ ಕೆಲಸ. ನಿವೃತ್ತಿಯ ನಂತರ ಸಿಗುವ ಬೋನಸ್ ಅಲ್ಲ.

ತಿಮ್ಮಯ್ಯನವರ ದೊಡ್ಡ ರಾಜತಾಂತ್ರಿಕ ಕೆಲಸ ಯಾವುದು ಹೇಳಿ? ಸೈಪ್ರಸ್ ಅಂತೀರಿ. ನಾನು ಕೊರಿಯಾ ಅನ್ನುತ್ತೇನೆ. 1953ರಲ್ಲಿ ಯುದ್ಧ ನಿಂತಾಗ, ತಮ್ಮ ದೇಶಕ್ಕೆ ವಾಪಸ್ ಹೋಗಲ್ಲ ಅಂದ 22,000ಕ್ಕೂ ಜಾಸ್ತಿ ಕೈದಿಗಳು ಉಳಿದಿದ್ದರು. ಅವರನ್ನು ನೋಡಿಕೊಳ್ಳಲು ಐದು ದೇಶಗಳ ಆಯೋಗ ಮಾಡಿದರು. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ ಎಳೆದರೆ ಪೋಲೆಂಡ್, ಜೆಕೊಸ್ಲೊವಾಕಿಯಾ ಇನ್ನೊಂದು ಕಡೆ. ನಡುವೆ ಅಧ್ಯಕ್ಷರ ಕುರ್ಚಿಯಲ್ಲಿ ಭಾರತದ ತಿಮ್ಮಯ್ಯ. ಕೈದಿಗಳ ಮೇಲೆ ಬಲ ಬಳಸುವ ಹಾಗಿರಲಿಲ್ಲ, ಯಾರ ಪರ ನಿಂತರೂ ಇನ್ನೊಬ್ಬರಿಗೆ ಸಿಟ್ಟು. ಆಗ ಅವರು ಸಮವಸ್ತ್ರದಲ್ಲೇ ಇದ್ದರು. ಸೇನಾ ಮುಖ್ಯಸ್ಥರಾಗಲು ಇನ್ನೂ ವರ್ಷಗಳಿದ್ದವು. ನೀವೂ ಈಗ ಸಮವಸ್ತ್ರದಲ್ಲಿದ್ದೀರಿ, ಅಲ್ವಾ? ಗಡಿಯಲ್ಲಿ ಆ ಕಡೆಯ ಅಧಿಕಾರಿಗಳ ಜೊತೆ ಫ್ಲ್ಯಾಗ್ ಮೀಟಿಂಗ್ ಮಾಡಿರಬಹುದು, ಈಶಾನ್ಯದಲ್ಲಿ ಊರ ಮುಖಂಡರ ಜೊತೆ ಕೂತಿರಬಹುದು. ಗೌಪ್ಯತೆಗೆ ಅಡ್ಡ ಬರದಷ್ಟನ್ನು ನೆನಪಿರುವಾಗಲೇ ಬರೆದಿಟ್ಟುಕೊಳ್ಳಿ. ಅರ್ಜಿಯನ್ನು ಹೊರಬಂದ ಮೇಲಲ್ಲ, ಬರುವ ಮೊದಲೇ ತಯಾರು ಮಾಡಿ.

ದೆಹಲಿಯೋ ಊರೋ ಅನ್ನುವುದಕ್ಕೆ ಅರ್ಥವೇ ಇಲ್ಲ. ಅರ್ಜಿ ಆನ್‌ಲೈನ್. ಅಮ್ಮತ್ತಿಯಲ್ಲಿ ಕರೆಂಟ್ ಇದ್ದ ದಿನ ಹಾಕಬಹುದು.

ಚುನಾವಣೆ ಬಗ್ಗೆಯೂ ಕೇಳಿದ್ದೀರಿ. ಕಾರ್ಯಪ್ಪನವರೇ 1971ರಲ್ಲಿ ಮುಂಬೈಯಿಂದ ಲೋಕಸಭೆಗೆ ನಿಂತು ಸೋತರು. ಇದಕ್ಕಿಂತ ಜಾಸ್ತಿ ನಾನು ಹೇಳಲ್ಲ.

ಜನಸೇವೆ ಬೇಕಿದ್ದರೆ ಊರಿನಲ್ಲಿ ಬೇಕಾದಷ್ಟಿದೆ, ಆದರೆ ಅದಕ್ಕೆ ಕಾರ್ ಮೇಲೆ ಬಾವುಟ ಇರಲ್ಲ. ನಾನು ಈಗ ಮಾಡುವುದು ಎರಡು ಕೆಲಸ. ತೋಟಕ್ಕೆ ಆನೆ ಬಂದಾಗ ರಸ್ತೆ ತಡೆ ಮಾಡುವ ಬೆಳೆಗಾರರಿಗೂ ಅರಣ್ಯದವರಿಗೂ ನಡುವೆ ಕೂರುತ್ತೇನೆ. ಜೊಂಗ್ಲೈಗಿಂತ ಕಷ್ಟ, ಯಾಕೆಂದರೆ ಇಲ್ಲಿ ಎಲ್ಲರೂ ನನ್ನ ನೆಂಟರು. ಇನ್ನೊಂದು, ಸಿಪಾಯಿಗಳ, ಹವಾಲ್ದಾರರ ವಿಧವೆಯರ ಕುಟುಂಬ ಪಿಂಚಣಿಯ ಕಾಗದ. ನಮ್ಮಲ್ಲಿ ಮನೆಹೆಸರು ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಬರೀ ಇನಿಷಿಯಲ್. ಸೇನೆಯ ದಾಖಲೆಯಲ್ಲಿ ಅಕ್ಕಮ್ಮ, ಆಧಾರ್‌ನಲ್ಲಿ ಇನ್ನೇನೋ. ಗಂಡ ತೀರಿಹೋದ ಮೇಲೆ ಆಕೆ ತಾನೇ ಆ ಹೆಂಡತಿ ಅಂತ ಸಾಬೀತು ಮಾಡಬೇಕು. ಅಫಿಡವಿಟ್, ಪಂಚಾಯಿತಿ ಪತ್ರ, ಮತ್ತೆ ಅಫಿಡವಿಟ್. ಇಂಗ್ಲಿಷ್ ಫಾರಂ ತುಂಬಲು ಒಬ್ಬರು ಸಿಕ್ಕರೆ ಸಾಕು ಅಂತ ಅವರು ಕಾಯುತ್ತಿರುತ್ತಾರೆ. ಕರ್ನಲ್ ಸಹಿ ಇದಕ್ಕೆ ಉಪಯೋಗಕ್ಕೆ ಬರುತ್ತದೆ.

ಅಂದ ಹಾಗೆ, ಹೊರಡುವ ಮೊದಲು ನಿಮ್ಮ ಪಾರ್ಟ್ ಟೂ ಆರ್ಡರ್‌ಗಳನ್ನು, ಅಂದರೆ ಸೇನೆಯಲ್ಲಿ ನಿಮ್ಮ ಕುಟುಂಬದ ವಿವರ ದಾಖಲಾದ ಕಾಗದಗಳನ್ನು, ಒಮ್ಮೆ ತೆಗೆಸಿ. ಹೆಂಡತಿ ಮಕ್ಕಳ ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲಿ ಇದ್ದ ಹಾಗೇ ಇದೆಯಾ ನೋಡಿ. ಆಫೀಸರ್‌ಗಳದ್ದು ಸರಿ ಇರುತ್ತದೆ ಅಂದುಕೊಳ್ಳಬೇಡಿ. ನನ್ನ ಹೆಂಡತಿಯ ಹೆಸರಿನಲ್ಲೇ ಒಂದು ಅಕ್ಷರ ಜಾಸ್ತಿ ಇತ್ತು.