ಹೊಸ ಮಾನಿಟರ್‌ನಲ್ಲಿ ಅಕ್ಷರ ಮಸುಕು, ವೃತ್ತ ಅಗಲ

ಪ್ರಶ್ನೆ: ಬದಿಯಡ್ಕದಲ್ಲಿ ನಮ್ಮದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಯಕ್ಷಗಾನದ ನೋಟೀಸು ಎಲ್ಲ ಕನ್ನಡ, ಮಲಯಾಳ ಎರಡರಲ್ಲೂ ಮಾಡಿಕೊಡುತ್ತೇವೆ. 19 ಇಂಚಿನ ಹಳೆ ಚೌಕ ಮಾನಿಟರ್ ಕೆಟ್ಟಿತು, 24 ಇಂಚಿನ ಫುಲ್ ಎಚ್‌ಡಿ ತಂದೆವು. ಕೇಬಲ್ ಹಳೆಯ ವಿಜಿಎಯೇ. ಈಗ ವೃತ್ತ ಹಾಕಿದರೆ ಅಡ್ಡಕ್ಕೆ ಹಿಗ್ಗಿ ಮೊಟ್ಟೆಯ ಹಾಗೆ ಕಾಣುತ್ತದೆ, ಒತ್ತಕ್ಷರವಂತೂ ಓದಲಿಕ್ಕಾಗುವುದಿಲ್ಲ. ಪ್ರಿಂಟ್ ಮಾತ್ರ ಸರಿಯಾಗಿ ಬರುತ್ತದೆ. ವಾಪಸ್ ಕೊಟ್ಟುಬಿಡಲೇ?

ಉತ್ತರ: ಬೇಡ. ಪ್ರಿಂಟ್ ಸರಿ ಇದೆ ಅಂದರೆ ಫೈಲ್ ಸರಿ ಇದೆ. ಮಾನಿಟರ್ ಕೂಡ ಸರಿ ಇರುವ ಸಾಧ್ಯತೆಯೇ ಜಾಸ್ತಿ. ನಿಮ್ಮ ಕಂಪ್ಯೂಟರ್ ಇನ್ನೂ ಹಳೆ ಮಾನಿಟರ್‌ನ ಅಳತೆಯನ್ನೇ, ಅಂದರೆ 1280 × 1024 ಚುಕ್ಕೆಗಳನ್ನೇ ಕಳಿಸುತ್ತಿರಬೇಕು. ಹೊಸದರಲ್ಲಿ ಇರುವುದು 1920 × 1080. ಹಾಗಾಗಿ ಚಿತ್ರ ಅಡ್ಡಕ್ಕೆ ಒಂದೂವರೆ ಪಟ್ಟು ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ನೂರಕ್ಕೆ ಐದರಷ್ಟು ಮಾತ್ರ, ವೃತ್ತ ಕೆಡದೆ ಇರುತ್ತದೆಯೇ? ಹೀಗೆ ಹಿಗ್ಗಿಸುವಾಗ ಒಂದು ಚುಕ್ಕೆ ಪಕ್ಕದ ಚುಕ್ಕೆಯ ಮೇಲೆ ಹರಡುತ್ತದೆ, ಮೊದಲು ಪೆಟ್ಟು ತಿನ್ನುವುದು ಒತ್ತು, ಸುಳಿಗಳಂಥ ಸಣ್ಣ ಭಾಗಗಳು.

ಡೆಸ್ಕ್‌ಟಾಪ್‌ನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆಯಿರಿ. ಡಿಸ್‌ಪ್ಲೇ ರೆಸಲ್ಯೂಶನ್ ಪಟ್ಟಿಯಲ್ಲಿ 1920 × 1080 ಆರಿಸಿ ಕೀಪ್ ಚೇಂಜಸ್ ಒತ್ತಿ. ಒತ್ತಲು ತಡ ಮಾಡಿದರೆ ಅದು ತಾನಾಗಿ ಹಳೆಯದಕ್ಕೆ ಮರಳುತ್ತದೆ. ವಿಂಡೋಸ್ 10, 11 ಎರಡರಲ್ಲೂ ದಾರಿ ಇದೇ.

ಆ ಅಳತೆ ಪಟ್ಟಿಯಲ್ಲೇ ಇಲ್ಲವಾದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ನೋಡಿ. ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತಿದ್ದರೆ ಗ್ರಾಫಿಕ್ಸ್ ಡ್ರೈವರ್ (ಪರದೆಗೆ ಚಿತ್ರ ಕಳಿಸುವ ಭಾಗವನ್ನು ನಡೆಸುವ ತಂತ್ರಾಂಶ) ಇಲ್ಲ ಎಂದರ್ಥ, ಕಂಪ್ಯೂಟರ್ ಕಂಪನಿಯ ಸೈಟ್‌ನಿಂದ ಹಾಕಿಕೊಳ್ಳಿ. ಡ್ರೈವರ್ ಇದ್ದೂ ಅಳತೆ ಕಾಣದಿದ್ದರೆ ಕೇಬಲ್ ಮೇಲೆ ಅನುಮಾನ ಪಡಿ. ಮಾನಿಟರ್ ತನ್ನ ಅಳತೆಯನ್ನು ಕಂಪ್ಯೂಟರಿಗೆ ತಿಳಿಸುವುದು ಅದೇ ಕೇಬಲ್ ಮೂಲಕ, ಪಿನ್ ಮುರಿದ ವಿಜಿಎಯಲ್ಲಿ ಆ ಮಾಹಿತಿ ಬರುವುದಿಲ್ಲ. ಸಿಪಿಯು ಹಿಂದೆ ಎಚ್‌ಡಿಎಂಐ (ಈಗಿನ ಟಿವಿಗಳಲ್ಲಿರುವಂಥ ಡಿಜಿಟಲ್ ಕಿಂಡಿ) ಇದ್ದರೆ ಆ ಕೇಬಲನ್ನೇ ಬಳಸಿ. ದಿನವಿಡೀ ಅಕ್ಷರ ನೋಡುವ ಕೆಲಸ ನಿಮ್ಮದು, ಕಣ್ಣಿಗೂ ಒಳ್ಳೆಯದು. ವಿಜಿಎಯೇ ಗತಿ ಅಂತಾದರೆ ಮಾನಿಟರ್ ಮೆನುವಿನಲ್ಲಿ ಆಟೋ ಅಡ್ಜಸ್ಟ್ ಒಮ್ಮೆ ಒತ್ತಿ.

ಸರಿಯಾದ ಅಳತೆ ಕೊಟ್ಟ ಮೇಲೆ ಅಕ್ಷರ ಸಣ್ಣ ಅನ್ನಿಸಬಹುದು. ಹಳೆಯದರಲ್ಲಿ ಇಂಚಿಗೆ ಸುಮಾರು 86 ಚುಕ್ಕೆ ಇತ್ತು, ಇದರಲ್ಲಿ 92, ಹಾಗಾಗಿ ಭಾರೀ ವ್ಯತ್ಯಾಸವೇನಿಲ್ಲ. ಆದರೂ ಸಾಲದಿದ್ದರೆ ದಯವಿಟ್ಟು ರೆಸಲ್ಯೂಶನ್ ಇಳಿಸಬೇಡಿ, ತುಂಬ ಜನ ಸುಮ್ನೆ ಹಾಗೆ ಮಾಡಿ ಮತ್ತೆ ಮಸುಕು ತಂದುಕೊಳ್ಳುತ್ತಾರೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಅದೇ ಪುಟದಲ್ಲಿ ಸ್ಕೇಲ್, ಅಂದರೆ ಅಕ್ಷರ, ಚಿತ್ರಗಳ ಗಾತ್ರವನ್ನು 125% ಮಾಡಿ. ಪೇಜ್‌ಮೇಕರ್‌ನಂಥ ಹಳೆ ತಂತ್ರಾಂಶ ಮಾತ್ರ ಆಗ ಮಸುಕಾಗಬಹುದು. ನಿಮ್ಮ ಕೆಲಸವೆಲ್ಲ ಅದರಲ್ಲೇ ನಡೆಯುವುದಾದರೆ ಸ್ಕೇಲ್ 100% ಇರಲಿ, ಪುಟವನ್ನು ಅಲ್ಲೇ ಜೂಮ್ ಮಾಡಿಕೊಳ್ಳಿ.